ಗ್ರಾಮ ಆಡಳಿತ ಅಧಿಕಾರಿಗಳ ವೃತ್ತಿ ಬೆಳವಣಿಗೆ ಯೋಜನೆ: ಕರಡು ಪ್ರಕಟಣೆಗೆ ಮುನ್ನ ಯಾರನ್ನು, ಯಾವಾಗ, ಹೇಗೆ ಕೇಳಬೇಕು

ಕರ್ನಾಟಕ ರಾಜ್ಯಪತ್ರದಲ್ಲಿ ಯಾವುದೇ ಇಲಾಖೆಯ ವೃಂದ (ಒಂದೇ ಬಗೆಯ ಹುದ್ದೆಗಳ ಗುಂಪು) ಮತ್ತು ನೇಮಕಾತಿ ನಿಯಮಗಳ ಕರಡು ಪ್ರಕಟವಾದಾಗ ಅದರಲ್ಲೊಂದು ಪರಿಚಿತ ಸಾಲು ಇರುತ್ತದೆ: ಬಾಧಿತರಾಗುವ ಸಂಭವವಿರುವವರು 15 ದಿನಗಳೊಳಗೆ ಆಕ್ಷೇಪಣೆ ಅಥವಾ ಸಲಹೆಗಳನ್ನು ಸಲ್ಲಿಸಬಹುದು. ಕರಡನ್ನು ಮೊದಲೇ ಪ್ರಕಟಿಸಬೇಕೆಂಬ ಈ ಕಟ್ಟಳೆ ಕರ್ನಾಟಕ ರಾಜ್ಯ ಸಿವಿಲ್ ಸೇವೆಗಳ ಅಧಿನಿಯಮ, 1978ರ 3ನೇ ಪ್ರಕರಣದಿಂದ ಬಂದದ್ದು. ನೌಕರರ ಅಭಿಪ್ರಾಯ ಕೇಳುವುದೆಂದರೆ ಈ 15 ದಿನಗಳೇ ಎಂದು ಅನೇಕ ಕಚೇರಿಗಳು ನಂಬಿಕೊಂಡಿವೆ. ಆದರೆ ಕರಡು ಅಚ್ಚಾಗುವ ಹೊತ್ತಿಗೆ ಕಡತ ಆರ್ಥಿಕ ಇಲಾಖೆಯನ್ನೂ ಕಾನೂನು ಇಲಾಖೆಯನ್ನೂ ಸುತ್ತಿ ಬಂದಿರುತ್ತದೆ. ಒಂದು ಅಂಕಣವನ್ನು ಬದಲಿಸಬೇಕಾದರೂ ಅದು ಮತ್ತೆ ಅಷ್ಟೂ ಮೇಜುಗಳನ್ನು ಹತ್ತಿಳಿಯಬೇಕು. ಇದು ನೌಕರರಿಗೂ ಗೊತ್ತು. ಹಾಗಾಗಿ ಆ 15 ದಿನಗಳಲ್ಲಿ ಬರುವ ಅರ್ಜಿಗಳಲ್ಲಿ ಹೆಚ್ಚಿನವು ತಮ್ಮ ತಮ್ಮ ಜ್ಯೇಷ್ಠತೆಯನ್ನು ಕಾಪಾಡಿಕೊಳ್ಳುವ ಮನವಿಗಳೇ ಹೊರತು ಯೋಜನೆಯನ್ನು ತಿದ್ದುವ ಸಲಹೆಗಳಲ್ಲ. ರಾಜ್ಯಪತ್ರ ಕೊನೆಯ ಬಾಗಿಲು. ಈ ಮಾರ್ಗದರ್ಶಿ ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸವನ್ನು ಕುರಿತದ್ದು.

ಉದಾಹರಣೆಗಾಗಿ ಕಂದಾಯ ಇಲಾಖೆಯ ಗ್ರಾಮ ಆಡಳಿತ ಅಧಿಕಾರಿಯ ಹುದ್ದೆಯನ್ನು ತೆಗೆದುಕೊಂಡಿದ್ದೇನೆ. ಜನರ ಬಾಯಲ್ಲಿ ಇವರು ಇನ್ನೂ ಗ್ರಾಮ ಲೆಕ್ಕಿಗರೇ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಒಮ್ಮೆ, 2025ರ ಫೆಬ್ರವರಿಯಲ್ಲಿ ಇನ್ನೊಮ್ಮೆ ಇವರು ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಮೊಬೈಲ್ ಆ್ಯಪ್‌ಗಳ ಮೂಲಕ ಹೇರಲಾಗುತ್ತಿದ್ದ ಕೆಲಸದ ಒತ್ತಡ, ಮೂಲಸೌಕರ್ಯದ ಕೊರತೆ ಮತ್ತು ಮುಂಬಡ್ತಿ, ಈ ಮೂರೂ ಅವರ ಬೇಡಿಕೆಗಳಲ್ಲಿ ಒಟ್ಟಿಗೇ ಇದ್ದವು. ಮುಷ್ಕರದ ಮನವಿಪತ್ರವೂ ಒಂದು ಬಗೆಯ ಅಭಿಪ್ರಾಯ ಸಂಗ್ರಹವೇ. ಆದರೆ ಇಲಾಖೆಗೆ ಅದಕ್ಕಿಂತ ದುಬಾರಿಯಾದ ವಿಧಾನ ಇನ್ನೊಂದಿಲ್ಲ.

ಹಂತ 1: ಯಾವುದು ನಿಮ್ಮ ಕೈಯಲ್ಲಿದೆ, ಯಾವುದಿಲ್ಲ ಎಂದು ಬರೆದುಕೊಳ್ಳಿ

ಮೊದಲ ಸಭೆ ಕರೆಯುವ ಮುನ್ನ ವಿಷಯಗಳನ್ನು ಮೂರು ರಾಶಿಯಾಗಿ ವಿಂಗಡಿಸಿ. ತರಬೇತಿ, ಹುದ್ದೆಗಳ ಅದಲುಬದಲು, ಹೊಸಬರಿಗೆ ಹಿರಿಯರೊಬ್ಬರ ಮಾರ್ಗದರ್ಶನ ಮುಂತಾದವು ಇಲಾಖೆಯ ಆದೇಶ ಅಥವಾ ಸುತ್ತೋಲೆಯಿಂದಲೇ ಆಗುವಂಥವು. ಮುಂಬಡ್ತಿಯ ಅರ್ಹತೆ, ಅನುಪಾತ, ಕನಿಷ್ಠ ಸೇವಾವಧಿ ಇವುಗಳಿಗೆ ನಿಯಮ ತಿದ್ದುಪಡಿ ಬೇಕು. ಮೂರನೆಯ ರಾಶಿ ಈ ಯೋಜನೆಯ ವ್ಯಾಪ್ತಿಗೇ ಬಾರದ್ದು: ವೇತನ ಶ್ರೇಣಿ, ಮುಂಬಡ್ತಿಯಲ್ಲಿ ಮೀಸಲಾತಿಯ ಪ್ರಮಾಣ, ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಡಿ ಆ ಭಾಗದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೆ ಮೀಸಲು. ಅದನ್ನು ತರಬೇತಿ ಯೋಜನೆಯ ಸಭೆಯಲ್ಲಿ ಚರ್ಚೆಗಿಟ್ಟರೆ ಸಭೆ ಅಲ್ಲಿಗೇ ಮುಗಿಯುತ್ತದೆ.

ಈ ವಿಂಗಡಣೆಯನ್ನು ಒಂದು ಪುಟದ ಟಿಪ್ಪಣಿಯಾಗಿ ಬರೆದು, ಕೇಳಲು ಹೋಗುವ ಪ್ರತಿಯೊಬ್ಬರಿಗೂ ಮೊದಲೇ ಕೊಡಬೇಕು. ಕೊಡಲಾಗದ್ದನ್ನು ಕೊಡುವವರಂತೆ ಕೇಳಿಸಿಕೊಳ್ಳುವುದು, ಕೇಳದೇ ಇರುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ಹಂತ 2: ಜನರ ಬಳಿ ಹೋಗುವ ಮುನ್ನ ಕಡತಗಳನ್ನು ಓದಿ

ಕಡತ ನೋಡಿದರೆ ಸಿಗುವ ಉತ್ತರವನ್ನು ನೌಕರನ ಬಾಯಿಂದ ಕೇಳಬಾರದು. ಜ್ಯೇಷ್ಠತಾ ಪಟ್ಟಿ, ಮಂಜೂರಾದ ಹುದ್ದೆಗಳು, ಮುಂದಿನ ಹತ್ತು ವರ್ಷಗಳಲ್ಲಿ ನಿವೃತ್ತರಾಗುವವರ ವಿವರ, ಕರ್ನಾಟಕ ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳಲ್ಲಿ ಯಾರು ಎಷ್ಟನೇ ಪ್ರಯತ್ನದಲ್ಲಿ ತೇರ್ಗಡೆಯಾದರು ಎಂಬ ಮಾಹಿತಿ, ಇಷ್ಟು ಕೈಯಲ್ಲಿದ್ದರೆ ಸಮಸ್ಯೆಯ ಅರ್ಧಭಾಗ ಕಾಗದದ ಮೇಲೆಯೇ ಕಾಣಿಸುತ್ತದೆ.

ಗ್ರಾಮ ಆಡಳಿತ ಅಧಿಕಾರಿಯದು ಜಿಲ್ಲಾ ಮಟ್ಟದ ವೃಂದ. ನೇಮಕಾತಿ ಪ್ರಾಧಿಕಾರ ಜಿಲ್ಲಾಧಿಕಾರಿ. ಆದ್ದರಿಂದ ಮುಂಬಡ್ತಿಯ ಸರದಿಯೂ ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಸುಮ್ಮನೆ ಲೆಕ್ಕಕ್ಕೆಂದು ಒಂದು ಜಿಲ್ಲೆಯನ್ನು ಊಹಿಸಿಕೊಳ್ಳೋಣ: ಒಂದೇ ವರ್ಷ 40 ಮಂದಿ ಸೇವೆಗೆ ಸೇರಿದ್ದಾರೆ, ಮೇಲಿನ ಹುದ್ದೆಗಳಲ್ಲಿ ವರ್ಷಕ್ಕೆ ನಾಲ್ಕು ತೆರವಾಗುತ್ತವೆ. ಅವರಿಗಿಂತ ಹಿರಿಯರು ಯಾರೂ ಸಾಲಿನಲ್ಲಿಲ್ಲವೆಂದುಕೊಂಡರೂ, ಒಟ್ಟಿಗೆ ಸೇರಿದ ಮೊದಲನೆಯವರಿಗೂ ಕೊನೆಯವರಿಗೂ ಮುಂಬಡ್ತಿಯಲ್ಲಿ ಸುಮಾರು ಹತ್ತು ವರ್ಷಗಳ ಅಂತರ ಬೀಳುತ್ತದೆ. ಯಾವ ತರಬೇತಿಯೂ ಈ ಲೆಕ್ಕವನ್ನು ಬದಲಿಸುವುದಿಲ್ಲ. ರಾಜ್ಯದಲ್ಲಿ 10 ವರ್ಷಕ್ಕೆ ಕಾಲಬದ್ಧ ಬಡ್ತಿ, 15 ವರ್ಷಕ್ಕೆ ಸ್ವಯಂಚಾಲಿತ ವಿಶೇಷ ಬಡ್ತಿ, ಆಮೇಲೆ 20, 25, 30 ವರ್ಷಗಳಿಗೆ ಹೆಚ್ಚುವರಿ ವೇತನ ಬಡ್ತಿ ಇದೆ. ಆದರೆ ಇವುಗಳಿಂದ ಸಂಬಳ ಏರುತ್ತದೆಯೇ ಹೊರತು ಕುರ್ಚಿ ಬದಲಾಗುವುದಿಲ್ಲ. ಕುರ್ಚಿ ಬದಲಾಗದ ಆ ಹತ್ತು ಹದಿನೈದು ವರ್ಷಗಳನ್ನು ಹೇಗೆ ತುಂಬುವುದು ಎಂಬುದೇ ವೃತ್ತಿ ಬೆಳವಣಿಗೆ ಯೋಜನೆಯ ನಿಜವಾದ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಕಡತದಲ್ಲಿಲ್ಲ.

ಹಂತ 3: ಯಾರನ್ನು ಕೇಳಬೇಕೆಂಬ ಪಟ್ಟಿ ಮಾಡಿ

ಸಾಮಾನ್ಯವಾಗಿ ಈ ಪಟ್ಟಿ ಸಂಘದ ಪದಾಧಿಕಾರಿಗಳಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಅದರ ಬದಲು ಮೂರು ಪ್ರಶ್ನೆ ಹಾಕಿಕೊಳ್ಳಿ: ಈ ಯೋಜನೆಯಿಂದ ಯಾರ ದಿನ ಬದಲಾಗುತ್ತದೆ, ಯಾರ ಸರದಿ ಹಿಂದೆ ಬೀಳುತ್ತದೆ, ಯಾರು ಮನಸ್ಸು ಮಾಡಿದರೆ ಇದನ್ನು ಸದ್ದಿಲ್ಲದೆ ನಿಲ್ಲಿಸಬಲ್ಲರು.

ಮೊದಲ ಪ್ರಶ್ನೆಗೆ ಉತ್ತರ ಗ್ರಾಮ ಆಡಳಿತ ಅಧಿಕಾರಿಗಳೇ. ಆದರೆ ಅವರನ್ನು ಒಂದೇ ಗುಂಪೆಂದು ಎಣಿಸಬಾರದು. ಹಿಂದೆ ಈ ಹುದ್ದೆಗೆ ಪಿಯುಸಿ ಅಂಕಗಳ ಆಧಾರದಲ್ಲಿ ಆಯ್ಕೆ ನಡೆಯುತ್ತಿತ್ತು; 2024ರಲ್ಲಿ 1,000 ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸ್ಪರ್ಧಾತ್ಮಕ ಪರೀಕ್ಷೆ ನಡೆಸಿತು. ಕೈಬರಹದ ಪಹಣಿಯ ಕಾಲದಿಂದ ಬಂದ ಹಿರಿಯರು, ಅಂಕದ ಮೇಲೆ ಬಂದ ನಡುವಯಸ್ಕರು, ಪರೀಕ್ಷೆ ಬರೆದು ಬಂದ ಕಿರಿಯರು ಮತ್ತು ಅನುಕಂಪದ ಆಧಾರದಲ್ಲಿ ನೇಮಕಗೊಂಡವರು ‘ಬೆಳವಣಿಗೆ’ ಎಂಬ ಪದವನ್ನು ನಾಲ್ಕು ಬಗೆಯಲ್ಲಿ ಅರ್ಥೈಸುತ್ತಾರೆ. ಕೊನೆಯ ಐದು ವರ್ಷಗಳಲ್ಲಿರುವವರಿಗೆ ಮುಂಬಡ್ತಿಗಿಂತ ನಿವೃತ್ತಿಯ ವೇಳೆಗೆ ಸೇವಾ ಪುಸ್ತಕ ಸರಿಯಾಗಿರುವುದು ಮುಖ್ಯ. ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಕಿರಿಯರಿಗೆ ನಿಮ್ಮ ಯೋಜನೆಯಲ್ಲಿ ಆಸಕ್ತಿ ಇಲ್ಲದಿರಬಹುದು. ಅದನ್ನೂ ಅವರಿಂದಲೇ ತಿಳಿದುಕೊಳ್ಳಬೇಕು. ಚಿಕ್ಕ ಮಕ್ಕಳಿರುವ ಮಹಿಳೆಯರನ್ನು ಪ್ರತ್ಯೇಕವಾಗಿ ಕೇಳದಿದ್ದರೆ, ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ಹಲವು ವಾರಗಳ ವಸತಿ ತರಬೇತಿಯೇ ಮುಂಬಡ್ತಿಯ ಅರ್ಹತೆ ಎಂದು ಬರೆದುಬಿಡುತ್ತೀರಿ. ಅರ್ಧಕ್ಕರ್ಧ ಜನರು ಸರದಿ ಬಂದಾಗ ‘ಈ ಬಾರಿ ಬೇಡ’ ಎಂದು ಬರೆದುಕೊಡುವುದನ್ನು ಆಮೇಲೆ ನೋಡುತ್ತೀರಿ. ಅಂಗವಿಕಲ ನೌಕರರು ಕ್ಷೇತ್ರ ಭೇಟಿಯ ಷರತ್ತುಗಳ ಬಗ್ಗೆ ಏನು ಹೇಳುತ್ತಾರೆಂಬುದೂ ಹೀಗೆಯೇ.

ಎರಡನೆಯ ಪ್ರಶ್ನೆ ಕಹಿಯಾದದ್ದು. ಪ್ರಥಮ ದರ್ಜೆ ಸಹಾಯಕ ಅಥವಾ ಕಂದಾಯ ನಿರೀಕ್ಷಕರ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿಗಳಷ್ಟೇ ಅಲ್ಲ, ಕಚೇರಿಯ ದ್ವಿತೀಯ ದರ್ಜೆ ಸಹಾಯಕರೂ ಏರುತ್ತಾರೆ. ಒಬ್ಬರಿಗೆ ಏಣಿ ಸುಲಭವಾದರೆ ಇನ್ನೊಬ್ಬರ ಮೆಟ್ಟಿಲು ತುಂಬಿಹೋಗುತ್ತದೆ. ಅವರನ್ನು ಕರೆಯದೆ ಯೋಜನೆ ಮಾಡಿದರೆ ಅವರ ಅಭಿಪ್ರಾಯ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ ಮೂಲಕ ನಿಮಗೆ ತಲುಪುತ್ತದೆ.

ಮೂರನೆಯದಕ್ಕೆ ನನ್ನ ಉತ್ತರ ಕೆಲವರಿಗೆ ವಿಚಿತ್ರವೆನಿಸಬಹುದು: ಜಿಲ್ಲಾಧಿಕಾರಿ ಕಚೇರಿಯ ಸಿಬ್ಬಂದಿ ಶಾಖೆಯ ವಿಷಯ ನಿರ್ವಾಹಕರು. ತರಬೇತಿಗೆ ಯಾರ ಹೆಸರು ಹೋಗಬೇಕು, ಪರೀಕ್ಷೆ ಪಾಸಾದದ್ದು ಸೇವಾ ಪುಸ್ತಕದಲ್ಲಿ ಯಾವಾಗ ದಾಖಲಾಗಬೇಕು, ಇಲಾಖಾ ಮುಂಬಡ್ತಿ ಸಮಿತಿಗೆ ಪ್ರಸ್ತಾವ ಯಾವಾಗ ಸಿದ್ಧವಾಗಬೇಕು, ಎಲ್ಲವೂ ಆ ಮೇಜಿನಿಂದಲೇ ಹೊರಡುತ್ತವೆ. ಅವರ ಮೇಜಿನ ಪಕ್ಕ ಅರ್ಧ ದಿನ ಕೂತರೆ ಯೋಜನೆಯ ಯಾವ ಭಾಗ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದು ತಿಳಿಯುತ್ತದೆ. ತಹಶೀಲ್ದಾರರನ್ನೂ ಇದೇ ಸಾಲಿಗೆ ಸೇರಿಸಿ, ಏಕೆಂದರೆ ತರಬೇತಿಗೆ ಬಿಡುಗಡೆ ಮಾಡಬೇಕಾದವರು ಅವರು. ಒಂದು ವೃತ್ತದವರನ್ನು (ವೃತ್ತವೆಂದರೆ ಒಬ್ಬ ಗ್ರಾಮ ಆಡಳಿತ ಅಧಿಕಾರಿಯ ವ್ಯಾಪ್ತಿಯ ಗ್ರಾಮಗಳು) ಕಳಿಸಿದರೆ ಆ ವೃತ್ತದ ಪ್ರಭಾರವನ್ನು ಯಾರು ಹೊರಬೇಕೆಂಬ ಅವರ ಪ್ರಶ್ನೆ ನೆಪವಲ್ಲ.

ಇನ್ನು ಸಾರ್ವಜನಿಕರು. ರೈತ ಬಯಸುವುದು ಗ್ರಾಮ ಆಡಳಿತ ಅಧಿಕಾರಿಯ ಬಡ್ತಿಯನ್ನಲ್ಲ, ಅವರು ಸಿಗುವುದನ್ನು. ಪ್ರತಿ ಹೋಬಳಿಯಲ್ಲಿ ನಾಲ್ಕೈದು ಅರ್ಜಿದಾರರನ್ನೂ ಗ್ರಾಮ ಸಹಾಯಕರೊಬ್ಬರನ್ನೂ ಮಾತನಾಡಿಸಿದರೆ ಸಾಕು. ದೊಡ್ಡ ಸಮೀಕ್ಷೆಯ ಅಗತ್ಯವಿಲ್ಲ.

ಹಂತ 4: ಕೇಳುವ ಸ್ಥಳ, ಸಮಯ, ಪ್ರಶ್ನೆ

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವ ಹಂತ ಇದು. ಜಿಲ್ಲಾಧಿಕಾರಿ ಕಚೇರಿಯ ಸಭಾಂಗಣದಲ್ಲಿ, ಮೇಲಾಧಿಕಾರಿಗಳು ವೇದಿಕೆಯಲ್ಲಿರುವಾಗ, ಮೈಕ್ ಹಿಡಿದು ತನ್ನ ಕೊರತೆಯನ್ನು ಹೇಳುವ ನೌಕರನಿಲ್ಲ. ವಿಡಿಯೊ ಸಂವಾದದಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. ಎಂಟು ಹತ್ತು ಮಂದಿಯ ಗುಂಪು, ಒಂದೇ ದರ್ಜೆಯವರು, ನಾಡಕಚೇರಿಯಂಥ ಅವರದೇ ಜಾಗ, ಮೇಲಾಧಿಕಾರಿ ಹೊರಗೆ. ಇಷ್ಟನ್ನು ರಾಜಿ ಮಾಡಿಕೊಳ್ಳಬೇಡಿ. ಬೆಳೆ ಸಮೀಕ್ಷೆ, ಚುನಾವಣೆ, ನೆರೆ ಪರಿಹಾರದ ದಿನಗಳನ್ನು ಬಿಟ್ಟುಬಿಡಿ. ಸಭೆಗೆ ಬಂದ ದಿನವನ್ನು ‘ಅನ್ಯ ಕಾರ್ಯನಿಮಿತ್ತ’ (ಅಂದರೆ ರಜೆಯಲ್ಲ, ಕರ್ತವ್ಯವೇ) ಎಂದು ಪರಿಗಣಿಸುವ ಆದೇಶ ಮೊದಲೇ ಹೊರಟಿರಲಿ.

ಕೇಳುವ ಪ್ರಶ್ನೆಯೇ ಉತ್ತರವನ್ನು ನಿರ್ಧರಿಸುತ್ತದೆ ಎಂಬುದನ್ನು ನಾನು ತಡವಾಗಿ ಕಲಿತೆ. ತರಬೇತುದಾರನಾಗಿ ಒಂದು ತಾಲ್ಲೂಕಿನಲ್ಲಿ ‘ನಿಮಗೆ ಯಾವ ತರಬೇತಿ ಬೇಕು?’ ಎಂಬ ಚೀಟಿ ಹಂಚಿದ್ದೆ. ಹೆಚ್ಚುಕಡಿಮೆ ಎಲ್ಲ ಚೀಟಿಗಳಲ್ಲೂ ‘ಕಂಪ್ಯೂಟರ್ ತರಬೇತಿ’ ಎಂದಿತ್ತು. ಮಧ್ಯಾಹ್ನದ ಊಟದ ನಂತರ ಅದೇ ಗುಂಪಿಗೆ ಬೇರೆ ಪ್ರಶ್ನೆ ಹಾಕಿದೆ: ‘ಕಳೆದ ವಾರ ಯಾವ ಕೆಲಸ ಮಾಡುವಾಗ ಕೈ ನಿಂತಿತು? ಆಗ ಯಾರಿಗೆ ಫೋನ್ ಮಾಡಿದಿರಿ?’ ಒಬ್ಬ ಹೆಣ್ಣುಮಗಳು ಮೊಬೈಲ್ ತೆಗೆದು ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಒಂದು ಪೌತಿ ಖಾತೆಯ ಅರ್ಜಿಯನ್ನು ತೋರಿಸಿದರು. ಆ್ಯಪ್ ಅವರಿಗೆ ಸಲೀಸಾಗಿ ಬರುತ್ತಿತ್ತು. ಕೈ ನಿಂತದ್ದು ವಂಶವೃಕ್ಷದಲ್ಲಿ: ತೀರಿಕೊಂಡವರಿಗೆ ಇಬ್ಬರು ಹೆಂಡತಿಯರು, ಮದುವೆಯಾಗಿ ಹೋದ ಮೂವರು ಹೆಣ್ಣುಮಕ್ಕಳು, ಅವರ ಹೆಸರು ಸೇರಿಸಬಾರದೆಂದು ಗಂಡುಮಕ್ಕಳ ಜಗಳ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಏನು ಹೇಳುತ್ತದೆ, ಮಹಜರಿನಲ್ಲಿ ಏನು ಬರೆಯಬೇಕು ಎಂದು ಅವರು ಫೋನ್ ಮಾಡಿದ್ದು ನಿವೃತ್ತರಾದ ಒಬ್ಬ ಶಿರಸ್ತೇದಾರರಿಗೆ. ಗುಂಪಿನಲ್ಲಿ ಇನ್ನೂ ಮೂವರು ಅದೇ ನಿವೃತ್ತರ ನಂಬರ್ ಇಟ್ಟುಕೊಂಡಿದ್ದರು. ಆ ತಾಲ್ಲೂಕಿಗೆ ಬೇಕಾಗಿದ್ದ ತರಬೇತಿ ಯಾವುದು, ಅದನ್ನು ಕೊಡಬಲ್ಲವರು ಯಾರು ಎಂಬ ಎರಡೂ ಸಂಗತಿಗಳು ಒಂದೇ ಉತ್ತರದಲ್ಲಿ ಸಿಕ್ಕಿದವು.

ಹಾಗಾಗಿ ಪ್ರಶ್ನೆಗಳು ನಡೆದ ಕೆಲಸವನ್ನು ಕುರಿತಿರಲಿ, ಬೇಡಿಕೆಯನ್ನಲ್ಲ. ಬೆಳಿಗ್ಗೆ ಮೊದಲು ತೆರೆಯುವ ಆ್ಯಪ್ ಯಾವುದು; ಲ್ಯಾಂಡ್ ಬೀಟ್ (ಸರ್ಕಾರಿ ಜಮೀನಿನ ಪರಿಶೀಲನೆ), ಬಗರ್‌ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯ ಸಕ್ರಮ), ಬೆಳೆ ಸಮೀಕ್ಷೆ ಇವುಗಳಲ್ಲಿ ವಾರದ ಎಷ್ಟು ದಿನ ಹೋಗುತ್ತದೆ; ನಿಮ್ಮ ಮೇಲಿನ ಕಂದಾಯ ನಿರೀಕ್ಷಕರ ಕೆಲಸದಲ್ಲಿ ನಿಮಗೆ ಈಗಲೇ ಬರುವುದು ಯಾವುದು, ಭಯ ಹುಟ್ಟಿಸುವುದು ಯಾವುದು; ನಿಮ್ಮೊಂದಿಗೆ ಸೇರಿದವರಲ್ಲಿ ಕೆಲಸ ಬಿಟ್ಟುಹೋದವರು ಯಾಕೆ ಬಿಟ್ಟರು. ಕೊನೆಯ ಪ್ರಶ್ನೆಗೆ ಬರುವ ಉತ್ತರಗಳು, ಉಳಿದವರು ತಮ್ಮ ಬಗ್ಗೆ ಹೇಳಿಕೊಳ್ಳಲಾರದ ಮಾತುಗಳಾಗಿರುತ್ತವೆ.

ಲಿಖಿತ ಪ್ರಶ್ನಾವಳಿಯನ್ನು ಗುಂಪು ಚರ್ಚೆಯ ನಂತರ, ಅಲ್ಲಿ ಬಂದ ಮಾತುಗಳು ಎಷ್ಟು ಮಂದಿಗೆ ಅನ್ವಯಿಸುತ್ತವೆ ಎಂದು ಅಳೆಯಲು ಮಾತ್ರ ಬಳಸಿ. ಅದರಲ್ಲಿ ನೌಕರನ ಗುರುತು ಹಿಡಿಯಬಹುದಾದ ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆಯ) ಸಂಖ್ಯೆ ಕೇಳಬೇಡಿ. ಆ ಒಂದು ಕಾಲಂ ಇದ್ದರೆ ಸಾಕು, ಉಳಿದ ಎಲ್ಲ ಕಾಲಂಗಳಲ್ಲಿ ‘ತೃಪ್ತಿಕರ’ ಎಂದೇ ಬರುತ್ತದೆ. ತಾಲ್ಲೂಕು, ಸೇವಾವಧಿ ಮತ್ತು ಲಿಂಗ ಗೊತ್ತಾದರೆ ವಿಶ್ಲೇಷಣೆಗೆ ಸಾಕು. ಚಿಕ್ಕ ತಾಲ್ಲೂಕುಗಳಲ್ಲಿ ಈ ಮೂರರಿಂದಲೇ ವ್ಯಕ್ತಿಯ ಗುರುತು ಸಿಗುವಂತಿದ್ದರೆ ತಾಲ್ಲೂಕನ್ನೂ ಕೈಬಿಡಿ.

ಭಾಷೆಯ ಬಗ್ಗೆ ಒಂದು ಮಾತು. ಕೇಂದ್ರ ಸಚಿವ ಸಂಪುಟ 2020ರ ಸೆಪ್ಟೆಂಬರ್ 2ರಂದು ಒಪ್ಪಿದ ಮಿಷನ್ ಕರ್ಮಯೋಗಿ ಯೋಜನೆ ‘ನಿಯಮ ಆಧಾರಿತ’ದಿಂದ ‘ಪಾತ್ರ ಆಧಾರಿತ’ ಆಡಳಿತಕ್ಕೆ ಸಾಗಬೇಕೆನ್ನುತ್ತದೆ. ಪ್ರತಿ ಹುದ್ದೆಯ ಪಾತ್ರ, ಚಟುವಟಿಕೆ, ಸಾಮರ್ಥ್ಯಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಅದರ ಕ್ರಮ. ಕ್ರಮ ಒಳ್ಳೆಯದೇ. ಆದರೆ ನಾಡಕಚೇರಿಯಲ್ಲಿ ಕೂತು ‘ನಿಮ್ಮ ವರ್ತನಾ ಸಾಮರ್ಥ್ಯಗಳೇನು?’ ಎಂದು ಕೇಳಿದರೆ ಯಾರೂ ಬಾಯಿ ತೆರೆಯುವುದಿಲ್ಲ. ‘ಊರಲ್ಲಿ ಗಲಾಟೆಯಾದಾಗ ಹೇಗೆ ಸಂಭಾಳಿಸುತ್ತೀರಿ?’ ಎಂದು ಕೇಳಿ, ಸಾಮರ್ಥ್ಯದ ಹೆಸರನ್ನು ಆಮೇಲೆ ನೀವೇ ಬರೆದುಕೊಳ್ಳಿ.

ಹಂತ 5: ಸಂಘಗಳೊಂದಿಗೆ ಸಮಾಲೋಚನೆ

ಕೇಂದ್ರ ಸರ್ಕಾರದಲ್ಲಿ ನೌಕರರೊಂದಿಗಿನ ಜಂಟಿ ಸಮಾಲೋಚನಾ ವ್ಯವಸ್ಥೆ 1966ರಿಂದ ಇದೆ. ಸಂಘದೊಂದಿಗೆ ಮಾತನಾಡುವುದು ಉಪಕಾರವಲ್ಲ, ಆಡಳಿತದ ಭಾಗ. ಕರ್ನಾಟಕ ರಾಜ್ಯ ಸರ್ಕಾರಿ ನೌಕರರ ಸಂಘ, ವೃಂದದ ಸ್ವಂತ ಸಂಘ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ನೌಕರರ ಸಂಘಗಳು, ಇವುಗಳಿಗೆ ಪ್ರತ್ಯೇಕ ದಿನ ಕೊಡಿ. ಕಾರ್ಯಸೂಚಿ ಹದಿನೈದು ದಿನ ಮೊದಲು ಲಿಖಿತವಾಗಿ ಹೋಗಲಿ, ನಡಾವಳಿಗೆ ಎರಡೂ ಕಡೆಯವರ ಸಹಿ ಬೀಳಲಿ. ಸಂಘ ಹೇಳುವುದು ಇಡೀ ವೃಂದದ ಒಟ್ಟು ಮಾತು, ಅದು ಅದರ ಬಲವೂ ಹೌದು. ಪರೀಕ್ಷಾರ್ಥ ಅವಧಿಯಲ್ಲಿರುವ ಹೊಸಬರ ಮಾತು ಅದರಲ್ಲಿ ಕೇಳಿಸದಿರಬಹುದು. ಗುಂಪು ಚರ್ಚೆಗಳಿಗೆ ಸಂಘದ ಸಭೆ ಬದಲಿಯಲ್ಲ, ಹಾಗೆಯೇ ಗುಂಪು ಚರ್ಚೆಗಳನ್ನು ತೋರಿಸಿ ಸಂಘವನ್ನು ಬದಿಗಿಡುವಂತೆಯೂ ಇಲ್ಲ.

ಹಂತ 6: ಕಡತ ಹಾದುಹೋಗುವ ಇಲಾಖೆಗಳನ್ನು ಮೊದಲೇ ಮಾತನಾಡಿಸಿ

ಆರ್ಥಿಕ ಇಲಾಖೆಗೆ ಕೊನೆಯಲ್ಲಿ ಸಹಮತಿಗೆಂದು ಕಡತ ಕಳಿಸಿದರೆ ‘ಆರ್ಥಿಕ ಹೊರೆಯ ವಿವರ ಸಲ್ಲಿಸಿ’ ಎಂದು ಅದು ಹಿಂದಿರುಗುತ್ತದೆ. ಮೂರನೆಯ ತಿಂಗಳಲ್ಲೇ ಅನೌಪಚಾರಿಕ ಟಿಪ್ಪಣಿಯೊಂದಿಗೆ ಹೋಗಿ, ಹೊಸ ಹುದ್ದೆ ಕೇಳದೆ ಇರುವ ಹುದ್ದೆಗಳನ್ನೇ ಮರುಹೊಂದಿಸುವ ಪರ್ಯಾಯವನ್ನೂ ಜೊತೆಯಲ್ಲಿ ಒಯ್ಯಿರಿ. ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಗೆ ಬೇರೆ ವೃಂದಗಳಲ್ಲಿ ಇಂಥದ್ದು ಯಾವಾಗ, ಏಕೆ ಕೆಟ್ಟಿತೆಂಬ ನೆನಪು ಇರುತ್ತದೆ. ಮುಂಬಡ್ತಿಯಲ್ಲಿ ಮೀಸಲಾತಿ ಕುರಿತ ಬಿ.ಕೆ. ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ರಾಜ್ಯದ 2002ರ ಜ್ಯೇಷ್ಠತಾ ಕಾಯ್ದೆಯ ಪ್ರಮುಖ ಅಂಶಗಳನ್ನು ರದ್ದುಪಡಿಸಿತು; ಅದರ ಜಾಗಕ್ಕೆ ಬಂದ 2018ರ ಕಾಯ್ದೆಯನ್ನು 2019ರಲ್ಲಿ ಎತ್ತಿಹಿಡಿಯಿತು. ಆ ನಡುವೆ ಜ್ಯೇಷ್ಠತಾ ಪಟ್ಟಿಗಳನ್ನು ತಿದ್ದಿ ಮತ್ತೆ ತಿದ್ದಿದವರು ಇನ್ನೂ ಸೇವೆಯಲ್ಲಿದ್ದಾರೆ; ಜ್ಯೇಷ್ಠತೆಯನ್ನು ಮುಟ್ಟುವ ಯಾವ ಪ್ರಸ್ತಾವವನ್ನೂ ಅವರಿಗೆ ತೋರಿಸದೆ ಮುಂದೆ ಹೋಗಬೇಡಿ. ಮುಂಬಡ್ತಿಯ ತತ್ವಗಳ ಬಗ್ಗೆ ಲೋಕಸೇವಾ ಆಯೋಗದೊಂದಿಗೆ ಸಮಾಲೋಚಿಸಬೇಕಾದ ಸಂದರ್ಭಗಳನ್ನು ಸಂವಿಧಾನದ 320(3)ನೇ ವಿಧಿ ಹೇಳುತ್ತದೆ. ನಿಮ್ಮ ಪ್ರಸ್ತಾವ ಅದರಡಿ ಬರುತ್ತದೆಯೇ ಎಂದು ಕಾನೂನು ಇಲಾಖೆಯನ್ನು ಮೊದಲೇ ಕೇಳಿ.

ತರಬೇತಿ ಸಂಸ್ಥೆಗಳನ್ನು ಕೇಳಬೇಕಾದದ್ದು ಪಠ್ಯಕ್ರಮವನ್ನಲ್ಲ, ಮಂಚಗಳ ಲೆಕ್ಕವನ್ನು. ಜಿಲ್ಲಾ ತರಬೇತಿ ಸಂಸ್ಥೆಯಲ್ಲಿ ಒಂದು ತಂಡಕ್ಕೆ ಎಷ್ಟು ಜನ, ವರ್ಷಕ್ಕೆ ಎಷ್ಟು ತಂಡ, ಮಹಿಳೆಯರಿಗೆ ವಸತಿ ಇದೆಯೇ ಎಂಬುದು ತಿಳಿದರೆ ಯೋಜನೆಯ ವೇಗ ತಾನಾಗಿಯೇ ಗೊತ್ತಾಗುತ್ತದೆ.

ಹಂತ 7: ಬಂದ ಮಾತುಗಳನ್ನು ತೂಗುವುದು

ಅಭಿಪ್ರಾಯಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಪರೀಕ್ಷೆಯ ಅಂಕಕ್ಕೆ ಬೆಲೆ ಬೇಕೆಂದು ಕಿರಿಯರು, ಜ್ಯೇಷ್ಠತೆಯನ್ನು ಮುಟ್ಟಬೇಡಿ ಎಂದು ಹಿರಿಯರು, ಅನುಪಾತ ಬದಲಿಸಬೇಡಿ ಎಂದು ದ್ವಿತೀಯ ದರ್ಜೆ ಸಹಾಯಕರು. ಇಲ್ಲಿ ಕೈ ಎತ್ತಿಸಿ ಎಣಿಸುವುದು ತಪ್ಪು. ಸಂಖ್ಯೆಯಲ್ಲಿ ಹೆಚ್ಚಿರುವ ಗುಂಪು ಯಾವಾಗಲೂ ಗೆಲ್ಲುತ್ತದೆ. ಕಡತದಲ್ಲಿ ನಾಲ್ಕು ಕಾಲಂಗಳ ಪಟ್ಟಿಯೊಂದನ್ನು ತೆರೆಯಿರಿ: ಸಲಹೆ, ಯಾವ ಗುಂಪಿನಿಂದ ಬಂತು, ಒಪ್ಪಿದೆಯೇ, ಕಾರಣ. ನಾಲ್ಕನೆಯ ಕಾಲಂ ಖಾಲಿ ಬಿಟ್ಟು ಮೂರನೆಯದನ್ನು ತುಂಬುವಂತಿಲ್ಲ ಎಂಬುದೊಂದೇ ನಿಯಮ. ‘ಪರಿಶೀಲಿಸಲಾಗುವುದು’ ಎಂಬುದು ಕಾರಣವಲ್ಲ.

ನನ್ನ ಅನುಭವದಲ್ಲಿ ಬಹಳಷ್ಟು ಘರ್ಷಣೆ ಮುಂಬಡ್ತಿ ಮತ್ತು ಬೆಳವಣಿಗೆ ಒಂದೇ ಎಂದುಕೊಳ್ಳುವುದರಿಂದ ಹುಟ್ಟುತ್ತದೆ. ಕುರ್ಚಿ ಖಾಲಿಯಾಗುವವರೆಗೆ ಕಾಯುವವರಿಗೆ ಭೂಸ್ವಾಧೀನ, ಚುನಾವಣೆ, ಆಹಾರ ಶಾಖೆಗಳಲ್ಲಿ ಆರು ತಿಂಗಳ ನಿಯೋಜನೆ, ಹೊಸಬರಿಗೆ ಬೋಧಿಸುವ ಅಧಿಕೃತ ಹೊಣೆ, ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಅದರ ಉಲ್ಲೇಖ, ಇವುಗಳನ್ನು ಕೊಟ್ಟರೆ ಯಾರ ಜ್ಯೇಷ್ಠತೆಯೂ ಕದಲುವುದಿಲ್ಲ. ಎಲ್ಲ ಗುಂಪುಗಳೂ ಒಪ್ಪುವ ಅಂಶಗಳು ಸಾಮಾನ್ಯವಾಗಿ ಇಲ್ಲೇ ಸಿಗುತ್ತವೆ, ಆದೇಶವಾಗಿ ಮೊದಲು ಹೊರಡಬೇಕಾದವೂ ಇವೇ.

ಹಂತ 8: ಹಿಂದಿರುಗಿ ಹೋಗಿ, ಪ್ರಯೋಗಿಸಿ, ಆಮೇಲೆ ಪ್ರಕಟಿಸಿ

ಕೇಳಿದ ಪ್ರತಿ ಗುಂಪಿಗೂ ಆ ನಾಲ್ಕು ಕಾಲಂಗಳ ಪಟ್ಟಿಯನ್ನು ಹೆಸರುಗಳಿಲ್ಲದೆ ತೋರಿಸಿ. ಒಪ್ಪದ ಸಲಹೆಗಳ ಕಾರಣವನ್ನು ಓದಿ ಹೇಳಿ. ಕಾರಣ ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ನಂತರ ಒಂದು ಮಲೆನಾಡಿನ ತಾಲ್ಲೂಕು, ಒಂದು ಕಲ್ಯಾಣ ಕರ್ನಾಟಕದ ತಾಲ್ಲೂಕನ್ನು ಆರಿಸಿಕೊಂಡು ಹಂತ 1ರ ಮೊದಲ ರಾಶಿಯ ಅಂಶಗಳನ್ನು ಆರು ತಿಂಗಳು ನಡೆಸಿ ನೋಡಿ. ಗುಡ್ಡದ ನಡುವೆ ನೆಟ್‌ವರ್ಕ್ ಸಿಗದ ವೃತ್ತದಲ್ಲಿ ಆನ್‌ಲೈನ್ ಕೋರ್ಸ್ ಮುಗಿಸುವುದು, ಖಾಲಿ ಹುದ್ದೆಗಳಿಂದ ಎರಡು ಮೂರು ವೃತ್ತಗಳ ಪ್ರಭಾರ ಹೊತ್ತವರು ತರಬೇತಿಗೆ ಹೊರಡುವುದು ಎಷ್ಟು ಸಾಧ್ಯ ಎಂಬುದು ಬೆಂಗಳೂರಿನ ಮೇಜಿನಿಂದ ಕಾಣುವುದಿಲ್ಲ.

ಇದರ ನಂತರವೇ ನಿಯಮಗಳ ಕರಡು ರಾಜ್ಯಪತ್ರಕ್ಕೆ ಹೋಗಬೇಕು. ಆಗಲೂ ಆಕ್ಷೇಪಣೆಗಳು ಬರುತ್ತವೆ. ಆದರೆ ಅವುಗಳಲ್ಲಿ ಹೊಸದೆಷ್ಟು, ಪಟ್ಟಿಯಲ್ಲಿ ಆಗಲೇ ಉತ್ತರ ಇರುವುದೆಷ್ಟು ಎಂದು ಒಂದೇ ದಿನದಲ್ಲಿ ಬೇರ್ಪಡಿಸಬಹುದು. ಅಂತಿಮ ಅಧಿಸೂಚನೆಯಲ್ಲಿ ‘ಸ್ವೀಕರಿಸಿದ ಆಕ್ಷೇಪಣೆಗಳನ್ನು ಪರಿಗಣಿಸಲಾಗಿದೆ’ ಎಂದು ಬರೆಯುವಾಗ ಅದಕ್ಕೆ ಆಧಾರವಾಗಿ ಈ ಪಟ್ಟಿ ಕಡತದ ಅನುಬಂಧವಾಗಿರಲಿ. ಇದನ್ನೆಲ್ಲ ನಡೆಸಿದ ಅಧಿಕಾರಿ ಮುಂದಿನ ವರ್ಗಾವಣೆಯಲ್ಲಿ ಬೇರೆ ಇಲಾಖೆಗೆ ಹೋಗಿರುತ್ತಾರೆ, ಬರುವವರಿಗೆ ಯಾವ ಸಲಹೆಯನ್ನು ಏಕೆ ಬಿಡಲಾಯಿತು ಎಂದು ಹೇಳಲು ಆ ಅನುಬಂಧವೊಂದೇ ಉಳಿಯುತ್ತದೆ. ಒಂದು ವರ್ಷದ ನಂತರ ಅದೇ ನಾಡಕಚೇರಿಗೆ ಹೋಗಿ, ಕಳೆದ ವಾರ ಕೈ ನಿಂತಾಗ ಯಾರಿಗೆ ಫೋನ್ ಮಾಡಿದಿರಿ ಎಂಬ ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕಾದವರೂ ಆ ಹೊಸ ಅಧಿಕಾರಿಯೇ. ಆ ಪ್ರಶ್ನೆಯನ್ನೂ, ಕೇಳಬೇಕಾದ ತಿಂಗಳನ್ನೂ ಅನುಬಂಧದ ಕೊನೆಯ ಪುಟದಲ್ಲಿ ಬರೆದಿಡಿ.